ಮೊದಲನೆಯ ಕೋವಿ ಯಾವುದು?

ಪೈರಿನ ಕಾವಲಿಗೂ ಮನೆಯ ರಕ್ಷಣೆಗೂ ಮೊದಲ ಸಲ ಕೋವಿ ಕೊಳ್ಳುವ ಜಮೀನುದಾರರಲ್ಲಿ ಕೆಲವರು ರೈಫಲನ್ನೇ ಬಯಸುವರು. ಇದು ಯುಕ್ತವಲ್ಲ. ಸಣ್ಣದೆನಿಸುವ .22 ರೈಫಲಿನ ಗುಂಡು ಸಹ ಒಂದು ಮೈಲಿಗೂ ಮೀರಿ ಹೋಗಬಲ್ಲದು. ತೋಟದಾಚೆಗೆ ನೆರೆಮನೆಯೂ ದನಕಾಯುವ ಹುಡುಗರೂ ಇರುವರು. ಚರೆಯಾದರೋ ಅದಕ್ಕಿಂತ ಬಹು ಬೇಗನೆ ವೇಗಗುಂದಿ ಬೀಳುವುದು. ಆದುದರಿಂದ ನುಣುಪು ನಳಿಗೆಯ ಕೋವಿಯೇ ಮೇಲು.

1959ರ ಆಯುಧ ಶಾಸನದ 13ನೆಯ ಪ್ರಕರಣವೂ ಇದೇ ವಿವೇಕವನ್ನು ಅನುಸರಿಸಿದೆ. ಪೈರಿನ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿ. ಸ್ವರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ಗುರಿಯ ಅಭ್ಯಾಸಕ್ಕೆ .22 ರೈಫಲು ಬೇಕಾದವರು ಮಾನ್ಯತೆ ಪಡೆದ ರೈಫಲು ಸಂಘದ ಸದಸ್ಯರಾಗಿರಬೇಕು. ಹೊಲದ ಬದುವು ಅಭ್ಯಾಸದ ಸ್ಥಳವಲ್ಲ.

ಕೋವಿಯ ಪರವಾನಗಿಯು ಕಾಡುಪ್ರಾಣಿಗಳನ್ನು ಕೊಲ್ಲುವ ಅಪ್ಪಣೆಯಲ್ಲ. ಆ ವಿಷಯವು 1972ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ ಒಳಪಟ್ಟುದು. ಮನೆಯಲ್ಲಿ ಕೋವಿಗೊಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ ಇರುವುದು ಅವಶ್ಯವು. ಕಳ್ಳನಿಗೆಂದು ತುಂಬಿಟ್ಟ ಕೋವಿಯು ಕಳ್ಳನು ಬರುವ ಮೊದಲೇ ಮನೆಯ ಮಗುವಿನ ಕೈಗೆ ಸಿಕ್ಕೀತು. ಗ್ರಾಮದ ಮುಖಂಡರು ಮೊದಲು ತಾವೇ ಈ ಕ್ರಮವನ್ನು ಪಾಲಿಸಿದಲ್ಲಿ ಉಳಿದವರೂ ಅನುಸರಿಸುವರು.