ಬಾಟಲಿಯ ಮೇಲಿನ ಸೀಗೆಕಾಯಿ



ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಮೊನ್ನೆ ಅಳುಮುಖ ಮಾಡಿಕೊಂಡು ಬಂದಳು. "ಆಂಟಿ, ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಇದು ಹಾಕಿದರೆ ನಿಲ್ಲುತ್ತದಾ?" ಎಂದು ಹೊಸ ಶಾಂಪೂ ಬಾಟಲಿ ತೋರಿಸಿದಳು. ಅದರ ಮೇಲೆ ಆಮ್ಲಾ, ರೀಠಾ, ಶಿಕಾಕಾಯಿ, ಭೃಂಗರಾಜ ಎಲ್ಲದರ ಚಿತ್ರವಿತ್ತು. ಅವೆಲ್ಲ ನಮ್ಮ ಊರಿನ ನೆಲ್ಲಿಕಾಯಿ, ಅಂಟುವಾಳ, ಸೀಗೆಕಾಯಿ, ಗರುಗ ಎಂದಾಗ ಅವಳಿಗೆ ಆಶ್ಚರ್ಯ!

ಈ ವಸ್ತುಗಳಲ್ಲಿ ಗುಣವಿಲ್ಲವೆಂದಲ್ಲ. ಸೀಗೆ, ಅಂಟುವಾಳಗಳಲ್ಲಿ ಸಪೋನಿನ್ ಎಂಬ ಅಂಶವಿದೆ. ನೀರಿನಲ್ಲಿ ನೊರೆ ಎಬ್ಬಿಸಿ ಜಿಡ್ಡು, ಕೊಳೆ ಬಿಡಿಸುವುದು ಅದೇ. ದಾಸವಾಳದ ಎಲೆಯ ಮತ್ತು ನೆನೆಸಿದ ಮೆಂತ್ಯದ ಲೋಳೆ ಕೂದಲಿಗೆ ತೆಳ್ಳಗೆ ಹತ್ತಿಕೊಂಡು ಸಿಕ್ಕಾಗದಂತೆ ನೋಡಿಕೊಳ್ಳುತ್ತದೆ. ನೀವು ಕಂಡೀಶನರ್ ಎನ್ನುತ್ತೀರಲ್ಲ, ಅದರ ಕೆಲಸವೂ ಇದೇ. ಇನ್ನು ತೆಂಗಿನೆಣ್ಣೆ. ನಮ್ಮ ಮುಂಬಯಿಯ ಮಾರಿಕೋ ಕಂಪನಿಯ ವಿಜ್ಞಾನಿಗಳು ಅದನ್ನು ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಜೊತೆ ಹೋಲಿಸಿ ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲೆ ತೊಳೆಯುವಾಗ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಮೂರರಲ್ಲಿ ತೆಂಗಿನೆಣ್ಣೆ ಮಾತ್ರ ಕಡಿಮೆ ಮಾಡಿತು. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುವುದೇ ಕಾರಣ. ತೆಂಗಿನೆಣ್ಣೆ ಮಾರುವ ಕಂಪನಿಯದೇ ಪ್ರಯೋಗ ಎಂಬುದೂ ನೆನಪಿರಲಿ.

ಆದರೆ ಒಂದು ಮಾತು. ಕಣ್ಣಿಗೆ ಕಾಣುವ ಕೂದಲಿಗೆ ಜೀವವಿಲ್ಲ. ಜೀವ ಇರುವುದು ಚರ್ಮದೊಳಗಿನ ಬೇರಿನಲ್ಲಿ. ತೊಳೆಯುವುದು, ಕಾಪಾಡುವುದು ಬಾಟಲಿಯ ಕೆಲಸ. ಬೆಳೆಸುವುದು ರಕ್ತದ ಕೆಲಸ.

"ಈಚೆಗೆ ಜ್ವರ ಬಂದಿತ್ತಾ?" ಎಂದು ಕೇಳಿದೆ. ಮಳೆಗಾಲದಲ್ಲಿ ಡೆಂಗ್ಯೂ ಆಗಿತ್ತಂತೆ. ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಉದುರುವುದುಂಟು. ಕೆಲವು ತಿಂಗಳಲ್ಲಿ ಅದು ತಾನಾಗಿಯೇ ನಿಂತು ಹೊಸ ಕೂದಲು ಬರುತ್ತದೆ. ಆ ಹೊತ್ತಿಗೆ ಕೈಯಲ್ಲಿ ಯಾವ ಬಾಟಲಿ ಇರುತ್ತದೋ ಕೀರ್ತಿಯೆಲ್ಲ ಅದಕ್ಕೆ!

ನನ್ನ ಮಗಳು ಕಾಲೇಜಿಗೆ ಹೋಗುತ್ತಿದ್ದಾಗ ನಾನೂ ಹೀಗೆಯೇ ಮೋಸ ಹೋದೆ. ಕೂದಲು ಉದುರುತ್ತದೆಂದು ನಾಲ್ಕು ತಿಂಗಳು ಬ್ರಾಹ್ಮಿ ಎಣ್ಣೆ ತಿಕ್ಕಿದೆ. ಹುಡುಗಿ ಲೋಕಲ್ ರೈಲಿನ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದುದು ನನ್ನ ಗಮನಕ್ಕೇ ಬರಲಿಲ್ಲ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ತೀರಾ ಕಡಿಮೆ. ಅವಳಿಗೆ ಬೇಕಾಗಿದ್ದುದು ಎಣ್ಣೆಯಲ್ಲ, ಕಬ್ಬಿಣದ ಮಾತ್ರೆ. ಆ ನಾಲ್ಕು ತಿಂಗಳು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಆದುದರಿಂದ ಮಕ್ಕಳೇ, ದಿನಕ್ಕೆ 50ರಿಂದ 100 ಕೂದಲು ಉದುರಿದರೆ ಹೆದರಬೇಡಿ. ಅದಕ್ಕಿಂತ ಹೆಚ್ಚಾಗಿ, ಜೊತೆಗೆ ಸುಸ್ತೂ ಇದ್ದರೆ ಅಂಗಡಿಗಲ್ಲ, ಡಾಕ್ಟರರ ಬಳಿಗೆ ಹೋಗಿ. ಬಾಟಲಿ ಕೊಳ್ಳುವಾಗ ಚಿತ್ರ ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. ನಮ್ಮ ದೇಶದ ನಿಯಮದಂತೆ ಶೇಕಡಾ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಸೀಗೆಕಾಯಿ ಎಷ್ಟನೆಯ ಹೆಸರು ಎಂದು ನೀವೇ ಎಣಿಸಿ.

ನಿಜವಾದ ಸೀಗೆಕಾಯಿಯೇ ಬೇಕೆಂದರೆ ಮಾಟುಂಗದ ನಮ್ಮವರ ಅಂಗಡಿಗಳಿವೆ. ಪುಡಿ ಕಣ್ಣಿಗೆ ಹೋದರೆ ಮಾತ್ರ ಬಲು ಉರಿ, ಜೋಕೆ! ಭಾನುವಾರ ಅಮ್ಮನ ಮುಂದೆ ಕೂತು ಎಣ್ಣೆ ಹಚ್ಚಿಸಿಕೊಳ್ಳಿ. ಕೂದಲು ಉದ್ದವಾಗದಿದ್ದರೂ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿದ ಹಾಗಾಯಿತು.