ಮಳೆ ನಮಗೆ ಹೊಸತೇ?

ಹುಂಚದ ಕಡೆ ಯಾರ ಹತ್ತಿರವಾದರೂ ಮಳೆಗಾಲದ ಮುನ್ನೆಚ್ಚರಿಕೆಯ ಮಾತು ತೆಗೆಯಿರಿ, ಒಂದೇ ಉತ್ತರ: "ಮಲೆನಾಡಿನವರಿಗೆ ಮಳೆ ಹೊಸತೇ?" ಕೇಳಲು ಗತ್ತಿನ ಮಾತು. ಆದರೆ ಅದರ ಮರೆಯಲ್ಲಿ ಎಷ್ಟು ಸೋಮಾರಿತನ ಅಡಗಿದೆ ಎಂಬುದನ್ನು ನಾವು ಹೆಂಗಸರಾದರೂ ಹೇಳಬೇಕು.

ಮಳೆ ಹೊಸತಲ್ಲ, ನಿಜ. ಅದಕ್ಕೆ ತಯಾರಿ ಮಾಡುತ್ತಾ ಬಂದವರು ಯಾರು? ಯುಗಾದಿ ಕಳೆಯುತ್ತಲೇ ಹಪ್ಪಳ ಸಂಡಿಗೆ ಒಣಗಿಸಿ, ಮಾವಿನ ಮಿಡಿ ಉಪ್ಪಿಗೆ ಹಾಕಿ, ಸೌದೆ ಕೊಟ್ಟಿಗೆ ತುಂಬಿಸಿಟ್ಟ ನಮ್ಮ ಅಜ್ಜಿ, ಅಮ್ಮಂದಿರು. ಆ ತಯಾರಿ ಮೂರು ತಿಂಗಳು ಬಿಡದೆ ಹೊಯ್ಯುವ ಮಳೆಗೆ ಸರಿಯಾಗಿತ್ತು. ಈಗ ಆರ್ದ್ರೆ ಬರೀ ಮೋಡ ತೋರಿಸಿ ಹೋಗುವುದೂ ಉಂಟು, ತಿಂಗಳ ಮಳೆ ನಾಲ್ಕೇ ದಿನದಲ್ಲಿ ಸುರಿಯುವುದೂ ಉಂಟು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಶ್ಲೇಷಾ ಮಳೆಗೆ ತುಂಗೆ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿದಳು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿಯಿತು. ಅಲ್ಲಿಯವರಿಗೆ ಮಳೆ ಹೊಸತಾಗಿತ್ತೇ?

"ಶಾಲೆಗೆ ರಜೆ ಕೊಡುತ್ತಾರಲ್ಲ" ಎನ್ನುವವರಿದ್ದಾರೆ. ನಾನು ಮೇಷ್ಟ್ರಮ್ಮ, ರಜೆಯ ಹಣೆಬರಹ ಬಲ್ಲೆ. ಎಷ್ಟೋ ಸಲ ಸುದ್ದಿ ಬರುವಷ್ಟರಲ್ಲಿ ದೂರದ ಮಕ್ಕಳು ಹಳ್ಳ ದಾಟಿ ಅರ್ಧ ದಾರಿ ಬಂದಿರುತ್ತಾರೆ. ರಜೆ ಎಂದು ಹಿಂದೆ ಕಳಿಸಿದರೆ ಏರುತ್ತಿರುವ ಅದೇ ಹಳ್ಳವನ್ನು ಮತ್ತೆ ದಾಟಬೇಕು. 2022ರ ಆಗಸ್ಟ್‌ನಲ್ಲಿ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಎರಡನೆಯ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಮಳೆಯನ್ನು ದೂರಿ ಏನು ಫಲ? ಸಂಕಕ್ಕೆ ಕೈಹಿಡಿ ಕಟ್ಟುವುದು ಮನುಷ್ಯರ ಕೆಲಸ. ಅದನ್ನು ಬೇಸಿಗೆಯಲ್ಲೇ ಮಾಡಬೇಕು.

ಪೇಟೆಯ ಗೆಳತಿಯರು ಇದು ಹಳ್ಳಿಯ ಗೋಳು ಎಂದುಕೊಳ್ಳಬೇಡಿ. ನೀವು ಕೆಲಸ ಮಾಡುವ ಕಚೇರಿಯಲ್ಲಿ, ಅಂಗಡಿಯಲ್ಲಿ ನೀರು ನುಗ್ಗಿದರೆ ಮೇನ್ ಸ್ವಿಚ್ ಆರಿಸುವವರು ಯಾರು? ಬಸ್ಸು ನಿಂತರೆ ಹೆಂಗಸರು ಮನೆ ಸೇರುವುದು ಹೇಗೆ? ಯಾರಾದರೂ ಇದನ್ನು ಬರೆದಿಟ್ಟಿದ್ದಾರೆಯೇ? ಮನೆಯಲ್ಲಿ ಅತ್ತೆಯ ಬಿಪಿ ಮಾತ್ರೆ ಹದಿನೈದು ದಿನಕ್ಕಾಗುವಷ್ಟಿರಲಿ. ಜಮೀನಿನ ಕಾಗದ, ರೇಷನ್ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಕಡೆ ಇರಲಿ. ಕರೆಂಟು ಹೋಗಿ ಟವರ್ ಸತ್ತರೆ ಮೊಬೈಲು ಆಟದ ಸಾಮಾನು, ಸೆಲ್ ಹಾಕಿದ ರೇಡಿಯೋ ಇರಲಿ. ಬಾವಿ ನೀರು ಕೆಂಪಾದರೆ ಕುದಿಸದೆ ಕುಡಿಯಬೇಡಿ.

ಹುಂಚದ ಪಂಚಕೂಟ ಬಸದಿಯನ್ನು ಚಟ್ಟಲದೇವಿ ಕಟ್ಟಿಸಿದ್ದು ಕ್ರಿ.ಶ. 1077ರಲ್ಲಿ. ಜಿಲ್ಲಾ ವಿಪತ್ತು ಸಹಾಯವಾಣಿಯ ಸಂಖ್ಯೆಯೂ 1077. ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಕಲಿಸಿ, ಮರೆಯುವುದಿಲ್ಲ.

ಆದರೆ ಮನೆಯೊಳಗಿನ ತಯಾರಿಯಷ್ಟನ್ನೇ ನಮ್ಮ ತಲೆಗೆ ಕಟ್ಟಿ, ಹೊರಗಿನದನ್ನು ದೇವರ ತಲೆಗೆ ಕಟ್ಟುವುದನ್ನು ಒಪ್ಪಲಾಗದು. ಬೇಸಿಗೆಯ ಗ್ರಾಮಸಭೆಗೆ ಹೋಗಿ, ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಯಾವ ಮಗು ಯಾವ ಹಳ್ಳ ದಾಟುತ್ತದೆ ಎಂಬ ಪಟ್ಟಿ ಶಾಲೆಯಲ್ಲಿದೆಯೇ, ಶಾಲೆಯ ಮೇಲೆ ವಾಲಿದ ಮರ ಕಡಿಸುವುದು ಯಾವಾಗ, ಸಂಕ ಗಟ್ಟಿಯಾಗುವುದು ಯಾವ ತಾರೀಕಿಗೆ ಎಂದು ಕೇಳಿ. "ನೋಡೋಣ" ಎಂದರೆ ಏಳಬೇಡಿ. ತಾರೀಕು ಬರೆಸಿಕೊಂಡೇ ಎದ್ದು ಬನ್ನಿ.