ದೀಪದ ಬುಡದ ಕತ್ತಲೆ

ವಿಶಾಖಪಟ್ಟಣದ ಮೂಲ ಊರೇ ಒನ್ ಟೌನ್. ಕುರುಪಾಂ ಮಾರುಕಟ್ಟೆಯ ಇಕ್ಕಟ್ಟು ಬೀದಿಗಳ ಈ ಬಡಾವಣೆಗೆ 1933ರಲ್ಲಿ ತೆರೆದ ಬಂದರು ನೆರೆಮನೆ. ಅಲ್ಲಿ ಇಳಿಯುವ ಕಲ್ಲಿದ್ದಲು, ಹಡಗೇರುವ ಕಬ್ಬಿಣದ ಅದಿರು ದೇಶದ ವಾಣಿಜ್ಯಕ್ಕೆ ಲಾಭ ತರುತ್ತವೆ. ಅವುಗಳ ಧೂಳು ಮಾತ್ರ ಒನ್ ಟೌನಿನ ಮಹಡಿಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತದೆ.

ಇದು ಬೆಳವಣಿಗೆಗೆ ತೆರಬೇಕಾದ ಬೆಲೆ ಎಂದು ಹೇಳುವವರಿದ್ದಾರೆ. ಆ ಬೆಲೆಯನ್ನು ತೆರುತ್ತಿರುವವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಯಾವುದರ ಪಕ್ಕದಲ್ಲಿ ಯಾವುದು ಇರಬೇಕು, ನಡುವೆ ಎಷ್ಟು ಅಂತರವಿರಬೇಕು ಎಂದು ನಿರ್ಧರಿಸುವುದೇ ಭೂಬಳಕೆ ಯೋಜನೆಯ ಮೊದಲ ಕೆಲಸ. ಆದರೆ ನಗರ ಯೋಜನೆ ಎಂದೊಡನೆ ನಮ್ಮ ಮಾತೆಲ್ಲ ಭೋಗಾಪುರದ ವಿಮಾನ ನಿಲ್ದಾಣ, ಹೊಸ ಹೆದ್ದಾರಿಗಳತ್ತ ಓಡುತ್ತದೆ. ಖಾಲಿ ಜಮೀನಿನ ಮೇಲೆ ಗೆರೆ ಎಳೆಯುವುದು ಸುಲಭ. ಜನರಿರುವ ಊರಿನ ಮೇಲೆ ಎಳೆಯುವ ಮೊದಲು ಅವರನ್ನು ಕೇಳಬೇಕಾಗುತ್ತದೆ.

ಕೇಳುವವರು ಯಾರು? 1992ರ 74ನೇ ಸಂವಿಧಾನ ತಿದ್ದುಪಡಿಯು ನಗರ ಯೋಜನೆ ಹಾಗೂ ಭೂಬಳಕೆಯ ನಿಯಂತ್ರಣವನ್ನು ಪುರಸಭೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. ವಿಶಾಖಪಟ್ಟಣದಲ್ಲಿ ಆ ಅಧಿಕಾರ ಇರುವುದು ಸರಕಾರ ನೇಮಿಸಿದ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ. 2041ರವರೆಗಿನ ಅದರ ಮಹಾಯೋಜನೆಗೆ 2021ರಲ್ಲಿ ಒಪ್ಪಿಗೆ ದೊರೆಯಿತು. ಮಹಾನಗರ ಪಾಲಿಕೆಗಾದರೋ 2012ರಿಂದ ಆ ವರ್ಷದ ಮಾರ್ಚ್‌ವರೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಒನ್ ಟೌನಿನ ನಿವಾಸಿ ತನ್ನ ಅಹವಾಲನ್ನು ಯಾವ ವಾರ್ಡಿನ ಬಾಗಿಲಿಗೆ ಒಯ್ಯಬೇಕಿತ್ತು?

ನಮ್ಮ ಬೆಂಗಳೂರಿಗೂ ಇದನ್ನು ನೋಡಿ ನಗುವ ಹಕ್ಕಿಲ್ಲ. 2031ರ ಕರಡು ಯೋಜನೆಯನ್ನು 2017ರಲ್ಲಿ ಪ್ರಕಟಿಸಿ 2020ರಲ್ಲಿ ಹಿಂಪಡೆದದ್ದು ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ ಚರಿತ್ರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಬಳಿಕ ವರ್ಷಗಳೇ ಉರುಳಿದರೂ ಚುನಾವಣೆ ಬರಲಿಲ್ಲ.

ಯೋಜನೆ ತಜ್ಞರ ಕೆಲಸ, ಕಾರ್ಪೊರೇಟರುಗಳಿಗೆ ಬಿಟ್ಟರೆ ಕೆಡುತ್ತದೆ ಎಂಬ ವಾದ ಹಳೆಯದು. ಧೂಳೆಷ್ಟು ಎಂದು ತಜ್ಞರು ಅಳೆಯಲಿ. ಅದನ್ನು ಯಾರು ಉಸಿರಾಡಬೇಕು ಎಂಬುದು ಅಳತೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಅದಕ್ಕೆ ಉತ್ತರಿಸುವವರು ಐದು ವರ್ಷಕ್ಕೊಮ್ಮೆಯಾದರೂ ಮತದಾರನ ಮುಂದೆ ನಿಲ್ಲಬೇಕು.

ಹಾಗಾಗಿ ಬೇಡಿಕೆ ಇಷ್ಟೇ: ಹಳೆಯ ಊರಿಗೆ ಪ್ರತ್ಯೇಕ ವಾರ್ಡು ಯೋಜನೆ, ಬಂದರಿನ ಅಂಗಳಕ್ಕೂ ಮನೆಗಳಿಗೂ ನಡುವೆ ಕಾನೂನುಬದ್ಧ ಅಂತರ, ಅಂತಿಮ ಒಪ್ಪಿಗೆಯ ಮುನ್ನ ಚುನಾಯಿತ ಪರಿಷತ್ತಿನ ಮತ. ಇಷ್ಟನ್ನೂ ಮಾಡದೆ ಹೊಸ ಬಡಾವಣೆಗಳಿಗೆ ಹಚ್ಚುವ ದೀಪದ ಬುಡದಲ್ಲಿ ಒನ್ ಟೌನಿನ ಕತ್ತಲೆ ಹಾಗೆಯೇ ಉಳಿಯುತ್ತದೆ.